ಅಂಜುತ್ತಲೇ ಇಳಿದ ಬಾವಿ

ಅಗ್ನಿಶಾಮಕ ದಳಕ್ಕೆ ಹೊಸದಾಗಿ ಸೇರಿದವರು ಆಗಾಗ ಬೈಲಹೊಂಗಲದ ನಮ್ಮ ಮನೆಗೆ ಬರುತ್ತಾರೆ. ಚಹಾ ಕುಡಿದು, ಆ ಮಾತು ಈ ಮಾತು ಆಡಿ, ಕೊನೆಗೆ ಧ್ವನಿ ತಗ್ಗಿಸಿ ಕೇಳುವುದು ಒಂದೇ: "ಸರ್, ನಿಮಗ ಅಂಜಿಕಿ ಆಗತಿದ್ದಿಲ್ಲೇನ್ರಿ?"

ಆಗುತ್ತಿತ್ತು. ಮೂವತ್ತೆರಡು ವರ್ಷ ನೌಕರಿ ಮಾಡಿದೆ, ಪ್ರತಿ ಸಲ ಆಗುತ್ತಿತ್ತು. ಗಂಟೆ ಹೊಡೆದಾಗ ಆಗುತ್ತಿತ್ತು, ಗಾಡಿ ಹತ್ತುವಾಗ ಆಗುತ್ತಿತ್ತು, ಎಷ್ಟೋ ಸಲ ಎಲ್ಲ ಮುಗಿಸಿ ಬಂದು ಬೂಟು ಬಿಚ್ಚುವಾಗ ಇನ್ನೂ ಹೆಚ್ಚಾಗುತ್ತಿತ್ತು. ತರಬೇತಿಯಲ್ಲಿ ಏಣಿ ಹತ್ತುವುದು, ಪೈಪು ಸುತ್ತುವುದು, ಗಂಟು ಕಟ್ಟುವುದು ಕಲಿಸುತ್ತಾರೆ. ಅಂಜಿಕೆ ಬಂದಾಗ ಅದನ್ನು ಎಲ್ಲಿಡಬೇಕು ಎಂಬುದಕ್ಕೆ ಅಲ್ಲಿ ಪಾಠವಿಲ್ಲ. ನನಗೆ ಅದನ್ನು ಕಲಿಸಿದವರು ಇಬ್ಬರು. ಒಬ್ಬರು ನಮ್ಮ ಲೀಡಿಂಗ್ ಫೈರ್‌ಮನ್ ಗುರುಸಿದ್ದಪ್ಪನವರು. ಇನ್ನೊಬ್ಬರು ಬಾವಿಗೆ ಬಿದ್ದ ಒಬ್ಬ ಹೆಣ್ಣುಮಗಳು. ನನ್ನ ಬಡ್ತಿಯ ವಿಷಯ ಬರೆದರೆ ಅರ್ಧ ಪುಟವೂ ಆಗುವುದಿಲ್ಲ, ಆದ್ದರಿಂದ ಇವರಿಬ್ಬರ ವಿಷಯ ಬರೆಯುತ್ತೇನೆ.

ಗುರುಸಿದ್ದಪ್ಪನವರು ಸಂಗೊಳ್ಳಿಯ ಕಡೆಯವರು. ತೆಳ್ಳಗಿನ ಆಳು. ಬೆಂಕಿಯ ಮುಂದೆ ನಿಂತು ಹುಕುಂ ಕೊಡುವಾಗಲೂ ಎರಡು ಚಹಾ ಹೇಳಿದಂತೆ ಹೇಳುತ್ತಿದ್ದರು. ಗಾಡಿ ಠಾಣೆ ಬಿಡುವಾಗ ಪ್ರತಿ ಸಲ ಅಂಗಿಯ ಮೇಲಿಂದ ಎದೆಯನ್ನು ಒಮ್ಮೆ ಮುಟ್ಟಿಕೊಳ್ಳುತ್ತಿದ್ದರು. ಕಿಸೆಯಲ್ಲಿ ಪೆನ್ನು ಇದೆಯೋ ಇಲ್ಲವೋ ನೋಡಿಕೊಳ್ಳುತ್ತಾರೆ ಎಂದು ನಾನು ಆರು ತಿಂಗಳು ತಿಳಿದುಕೊಂಡಿದ್ದೆ. ಒಳಗೆ ಇಷ್ಟಲಿಂಗ ಇತ್ತು.

ನಾನು ಸೇರಿದ ವರ್ಷವೇ ಒಂದು ಹತ್ತಿ ಜಿನ್ನಿನ ಗೋದಾಮಿಗೆ ಬೆಂಕಿ ಬಿತ್ತು. ಹತ್ತಿಯ ಬೆಂಕಿ ಉಳಿದ ಬೆಂಕಿಯಂತಲ್ಲ. ಮೇಲೆ ಆರಿದಂತೆ ಕಾಣುತ್ತದೆ, ಹತ್ತಿ ಒತ್ತಿ ಕಟ್ಟಿದ ಅಂಡಿಗೆಯ ಹೊಟ್ಟೆಯಲ್ಲಿ ಕೂತು ಉರಿಯುತ್ತಿರುತ್ತದೆ. ಒಳಗೆ ಹೋಗಿ ಒಂದೊಂದೇ ಅಂಡಿಗೆಯನ್ನು ಎಳೆದು ಒಡೆದು ನೀರು ಬಿಡಬೇಕು. ಗೋದಾಮಿನ ಬಾಗಿಲಿನಿಂದ ಹೊಗೆ ಹಳದಿಯಾಗಿ ಬರುತ್ತಿತ್ತು. ನಾನು ಪೈಪಿನ ಮೂತಿ ಹಿಡಿದು ಬಾಗಿಲಿನವರೆಗೆ ಓಡಿದೆ. ಅಲ್ಲಿ ನನ್ನ ಕಾಲು ನಿಂತವು. ನಾನು ನಿಲ್ಲಿಸಲಿಲ್ಲ, ಅವೇ ನಿಂತವು.

ಗುರುಸಿದ್ದಪ್ಪನವರು ಹಿಂದಿನಿಂದ ಬಂದು ಬೆನ್ನ ಮೇಲೆ ಕೈ ಇಟ್ಟರು.

"ಅಂಜಿಕಿ ಆಗೈತೇನು?"

"ಇಲ್ರಿ."

"ನನಗ ಆಗೈತಿ. ಹಂಗಾರ ನೀನ ಮುಂದ ನಡಿ."

ಸುಳ್ಳು ಹೇಳಿದ ಮೇಲೆ ಬೇರೆ ದಾರಿ ಇರಲಿಲ್ಲ. "ಬಸವಣ್ಣಾ, ನಿನ್ನ ಮ್ಯಾಲೆ ಭಾರ" ಎಂದು ಗಟ್ಟಿಯಾಗಿ ಹೇಳಿ ಒಳಗೆ ನುಗ್ಗಿದೆ. ನೀರು ಬಿಡಿ ಎಂದು ಕೈ ಎತ್ತಿದೆ. ನೀರು ಬಿಟ್ಟರು. ಅದು ನನ್ನ ಕೈಯೊಳಗಿನ ಮೂತಿಯಿಂದ ಬರಲಿಲ್ಲ. ಹದಿನೈದು ಅಡಿ ಹಿಂದೆ, ಎರಡು ಪೈಪು ಕೂಡುವ ಕಪ್ಲಿಂಗ್ ಕಳಚಿ, ಅಂಗಳದಲ್ಲಿ ನಿಂತಿದ್ದ ಜಿನ್ನಿನ ಮ್ಯಾನೇಜರರನ್ನು ಕೆಡವಿ, ಅವರ ಮೇಲೆಯೇ ಸುರಿಯಿತು. ಆ ಕಪ್ಲಿಂಗ್ ಜೋಡಿಸಿದವನು ನಾನು.

ಬೆಂಕಿ ಆರಲು ಸಂಜೆಯಾಯಿತು. ಮರಳಿ ಬರುವಾಗ ಗಾಡಿಯಲ್ಲಿ ನಾನೇ ಬಾಯಿ ಬಿಟ್ಟೆ. "ಬಸವಣ್ಣನ್ನ ನೆನಿಸಿಕೊಂಡ ಒಳಗ ಹೋಗಿದ್ನಿರಿ, ಆದ್ರೂ ಹಿಂಗಾತು."

"ಬಸವಣ್ಣ ಬಂದಿದ್ದನಪಾ," ಎಂದರು ಗುರುಸಿದ್ದಪ್ಪನವರು. "ಕಪ್ಲಿಂಗ ಕೂತಿದ್ದಿಲ್ಲ."

ಮುಂದಿನ ಎರಡು ತಿಂಗಳು ಠಾಣೆಯ ಎಲ್ಲ ಕಪ್ಲಿಂಗುಗಳನ್ನು ಬೆಳಿಗ್ಗೆ ಒಮ್ಮೆ ಜೋಡಿಸಿ ಬಿಚ್ಚುವ ಕೆಲಸ ನನಗೆ ಬಿತ್ತು. ದೇವರ ಮೇಲೆ ಭಾರ ಹಾಕುವುದು ಎಂದರೆ ನಮ್ಮ ಕೈಯ ಕೆಲಸವನ್ನೂ ಅವನ ಹೆಗಲಿಗೆ ಹೇರುವುದಲ್ಲ ಎಂದು ಆ ಎರಡು ತಿಂಗಳಲ್ಲಿ ಬೆರಳಿಗೆ ತಿಳಿಯಿತು. ಅಂಜಿಕೆ ಮಾತ್ರ ಹಾಗೆಯೇ ಇತ್ತು.

ಅದಾದ ನಾಲ್ಕೈದು ವರ್ಷಕ್ಕೆ ನೀಲವ್ವನ ಬಾವಿ.

ಸವದತ್ತಿ ತಾಲೂಕಿನ ಒಂದು ಹಳ್ಳಿ. ಐದು ದಿನ ಬಿಟ್ಟೂಬಿಡದೆ ಮಳೆ ಸುರಿದು ಎರೆಮಣ್ಣು ಮೊಸರಿನಂತಾಗಿತ್ತು. ಬೆಳಿಗ್ಗೆ ಹೊಲಕ್ಕೆ ಹೋದ ನೀಲವ್ವ ಎಂಬ ಐವತ್ತೈದು ದಾಟಿದ ಹೆಣ್ಣುಮಗಳು ಬಾವಿಯ ದಂಡೆಯಲ್ಲಿ ಹುಲ್ಲು ಕೊಯ್ಯುತ್ತಿದ್ದಳು. ದಂಡೆ ಕುಸಿಯಿತು, ಆಕೆಯೂ ಕೂಡ ಒಳಗೆ ಹೋದಳು. ಬಾವಿಯ ನಡುವೆ, ನೀರಿನ ಮಟ್ಟದಲ್ಲಿ, ಹಿಂದೆ ಯಾವಾಗಲೋ ಮೋಟಾರು ಕೂರಿಸಿದ್ದ ಕಬ್ಬಿಣದ ಗರ್ಡರ್ ಅಡ್ಡಕ್ಕೆ ಇತ್ತು. ಅದು ಸಿಕ್ಕಿತು. ನಾವು ಹೋಗಿ ಮುಟ್ಟುವ ಹೊತ್ತಿಗೆ ಆಕೆ ಅದರ ಮೇಲೆ ಮೂರು ತಾಸಿನಿಂದ ಕುಳಿತಿದ್ದಳು. ಆಗ ಮೊಬೈಲು ಇರಲಿಲ್ಲ. ಒಬ್ಬ ಮೋಟಾರ್ ಸೈಕಲ್ ಮೇಲೆ ಠಾಣೆಗೆ ಬಂದು ಹೇಳಿ ಹೋಗಿದ್ದ. ಈಗಿನವರಿಗೆ ಬಾವಿಯ ವಿಡಿಯೋ ಮೊದಲು ಬರುತ್ತದೆ, ಊರಿನ ಹೆಸರು ಆಮೇಲೆ.

ಬಾವಿಯ ಸುತ್ತ ಊರಿಗೆ ಊರೇ ನಿಂತಿತ್ತು. ಅವರು ನಿಂತ ಭಾರಕ್ಕೇ ಕಲ್ಲು ಒಳಗೆ ಉದುರುತ್ತಿದ್ದವು. "ಹಿಂದ ಸರೀರಿ" ಎಂದು ನಾವು ಕೂಗಿದೆವು. ಯಾರೂ ಸರಿಯಲಿಲ್ಲ. ಗುರುಸಿದ್ದಪ್ಪನವರು ನನ್ನ ಕಡೆ ತಿರುಗಿ ಎಲ್ಲರಿಗೂ ಕೇಳಿಸುವಂತೆ, "ಮುಂದ ನಿಂತವರ ಹೆಸರ ಬರಕೋಪಾ, ಒಳಗ ಇಳಿಯಾಕ ಮಂದಿ ಬೇಕಾಗ್ಯಾರ" ಎಂದರು. ಅರ್ಧ ನಿಮಿಷದಲ್ಲಿ ಬಾವಿಯ ಸುತ್ತ ಬಯಲಾಯಿತು.

ಇಳಿಯುವವನು ನಾನೇ ಎಂದಾಯಿತು. ನಮ್ಮ ಪೈಕಿ ನನ್ನ ತೂಕ ಕಡಿಮೆ ಇತ್ತು. ಬಾವಿಯ ಬಾಯಿಗೆ ಅಡ್ಡಲಾಗಿ ಏಣಿ ಹಾಸಿದರು. ಅದರ ಮೇಲಿಂದ ಎರಡು ಹಗ್ಗ, ಒಂದು ನನಗೆ, ಒಂದು ಆಕೆಗೆ. ದಂಡೆಗೆ ಯಾರೂ ಬರುವಂತಿರಲಿಲ್ಲ, ಹಗ್ಗ ಎಳೆಯುವವರು ಮೂವತ್ತು ಹೆಜ್ಜೆ ಹಿಂದೆ ನಿಲ್ಲಬೇಕಾಯಿತು. ಆದ್ದರಿಂದ ಮಾತೆಲ್ಲ ಸೀಟಿಯಲ್ಲಿ. ಒಂದು ಸಲ ಊದಿದರೆ ನಿಲ್ಲಿಸಿ, ಎರಡು ಸಲ ಊದಿದರೆ ಎಳೆಯಿರಿ. ಸೀಟಿ ದಾರದಲ್ಲಿ ನನ್ನ ಕೊರಳಲ್ಲಿತ್ತು. ಗುರುಸಿದ್ದಪ್ಪನವರು ನನ್ನ ಗಂಟನ್ನು ಮೂರು ಸಲ ಎಳೆದು ನೋಡಿ, ತಮ್ಮ ಎದೆ ಮುಟ್ಟಿಕೊಂಡು, "ಇಳಿ" ಎಂದರು.

ನಲವತ್ತು ಅಡಿ. ಸುತ್ತ ಕಲ್ಲಿನ ಕಟ್ಟಡ, ಸಂದಿಸಂದಿಯಿಂದ ಕೆಸರು ಇಳಿಯುತ್ತಿತ್ತು. ಕೆಳಗೆ ನೀಲವ್ವ ಸೊಂಟದವರೆಗೆ ನೀರಿನಲ್ಲಿ ಕುಳಿತು, ಬಲಗೈಯಿಂದ ಪಂಪಿನ ಪೈಪು ತಬ್ಬಿಕೊಂಡು, ನಾನು ಬರುವುದನ್ನೇ ನೋಡುತ್ತಿದ್ದಳು.

"ಭಾಳ ತಡಾ ಮಾಡಿದ್ರಿ ತಮ್ಮಾ."

"ರಸ್ತಾ ಕೆಟ್ಟೈತ್ರಿ ಯವ್ವಾ."

"ಅದೂ ಖರೆ," ಎಂದು ಒಪ್ಪಿಕೊಂಡಳು.

ಗರ್ಡರಿನ ಮೇಲೆ ಕಾಲಿಟ್ಟು ಆಕೆಯ ಸುತ್ತ ಹಗ್ಗ ಹಾಕಿ ಕೂರುವಂತೆ ಗಂಟು ಕಟ್ಟಿದೆ. "ಇನ್ನ ಎರಡೂ ಕೈಲೆ ಹಗ್ಗಾ ಗಟ್ಟಿ ಹಿಡಕೋರಿ" ಎಂದೆ.

"ಒಂದ ಕೈಲೆ ಹಿಡಕೋತೇನಿ. ಈ ಕೈಯಾಗ ಲಿಂಗ ಐತಿ."

ಬೀಳುವಾಗ ಕೊರಳಿನ ಶಿವದಾರ ಹರಿದಿತ್ತು. ಲಿಂಗವಿದ್ದ ಬೆಳ್ಳಿಯ ಕರಡಿಗೆ ನೀರಿಗೆ ಬೀಳುವುದರೊಳಗೆ ಎಡಗೈಯಲ್ಲಿ ಹಿಡಿದಿದ್ದಳು. ಮೂರು ತಾಸು ಮುಷ್ಟಿ ಬಿಚ್ಚಿರಲಿಲ್ಲ. ಒಂದೇ ಕೈಯಲ್ಲಿ ನಲವತ್ತು ಅಡಿ ಏರುವುದು ಆಗದ ಮಾತು, ನಡುವೆ ಕಲ್ಲು ತಾಗಿದರೆ ಹಗ್ಗದಿಂದ ಜಾರಿ ಹೋಗುತ್ತಾಳೆ. ಸೆರಗಿನ ತುದಿಗೆ ಕಟ್ಟಿಕೊಳ್ಳಿ ಎಂದೆ. ಸೆರಗು ಕಲ್ಲಿಗೆ ಸಿಕ್ಕಿ ಹರಿದು ಹೋಗಿತ್ತು.

"ನನ್ನ ಕಿಸೆದಾಗ ಇಟ್ಕೊಂಡಿರತೇನ್ರಿ. ಮ್ಯಾಲೆ ಬಂದು ಕೊಡತೇನಿ."

"ನೀ ಮ್ಯಾಲೆ ಬರದಿದ್ರ?"

ಈ ಪ್ರಶ್ನೆಯನ್ನು ನಾನು ಅಲ್ಲಿಯವರೆಗೆ ಯೋಚಿಸಿರಲಿಲ್ಲ. ಆಮೇಲೆ ಸಾಕಷ್ಟು ಯೋಚಿಸಿದೆ.

ಕೊನೆಗೆ ನನ್ನ ಸೀಟಿಯ ದಾರ ನೆನಪಾಯಿತು. ಕೊರಳಿನಿಂದ ತೆಗೆದೆ, ಸೀಟಿಯನ್ನು ಬಿಚ್ಚಿ ಹಲ್ಲಿನಲ್ಲಿ ಕಚ್ಚಿಕೊಂಡೆ. "ಲಿಂಗ ಮುಟ್ಟಬ್ಯಾಡ, ದಾರ ಅಷ್ಟ ಪೋಣಿಸು," ಎಂದು ಆಕೆ ಅಂಗೈ ಬಿಚ್ಚಿದಳು. ಬೆರಳು ಸೆಟೆದು ನೇರವಾಗಲಿಲ್ಲ. ಕರಡಿಗೆಯ ಕೊಂಡಿಯಲ್ಲಿ ದಾರ ತೂರಿಸಿ ಆಕೆಯ ಕೊರಳಿಗೆ ಕಟ್ಟಿದೆ. ನೀಲವ್ವ ಎದೆಯ ಮೇಲೆ ಅದನ್ನು ಸರಿಪಡಿಸಿಕೊಂಡು, ಎರಡೂ ಕೈಯಿಂದ ಹಗ್ಗ ಹಿಡಿದಳು. ಎಲ್ಲ ಸರಿಯಾಯಿತು. ಊದಬೇಕು ಎನ್ನುವಷ್ಟರಲ್ಲಿ ಮೇಲಿಂದ ಒಂದು ಕಲ್ಲು ಬಂದು ನನ್ನ ಹೆಲ್ಮೆಟ್ಟಿಗೆ ಹೊಡೆಯಿತು. ನಾನು "ಯವ್ವಾ" ಎಂದೆ. ಸೀಟಿ ಬಾಯಿಂದ ಬಿದ್ದು ನೀರಿನ ಪಾಲಾಯಿತು.

ಕೂಗಿದೆ. ಮೇಲೆ ಮಳೆ ಮತ್ತೆ ಶುರುವಾಗಿತ್ತು. ಹಗ್ಗ ಜಗ್ಗಿದೆ. ಏಣಿಯ ಮೇಲೆ ಹಾದುಹೋದ ತೋಯ್ದ ಹಗ್ಗ ನನ್ನ ಜಗ್ಗಾಟವನ್ನು ಅಲ್ಲೇ ನುಂಗಿಕೊಂಡಿತು. ಮತ್ತೆ ಕೂಗಿದೆ. ನನ್ನ ಕೂಗು ಗೋಡೆಗೆ ಬಡಿದು ನನಗೇ ಮರಳಿ ಬಂತು. ಮಾಡುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ನಾನು ಗರ್ಡರಿನ ಮೇಲೆ ಆಕೆಯ ಪಕ್ಕದಲ್ಲಿ ಕುಳಿತೆ.

"ಮ್ಯಾಲೆ ಯಾರ ಅದಾರು?" ಎಂದು ಕೇಳಿದಳು ನೀಲವ್ವ.

"ನಮ್ಮ ಲೀಡಿಂಗ್ ಫೈರ್‌ಮನ್ ಅದಾರ್ರಿ, ಗುರುಸಿದ್ದಪ್ಪ ಅಂತ."

"ಅವರ ಮ್ಯಾಲೆ?"

"ಠಾಣಾಧಿಕಾರಿ ಸಾಹೇಬ್ರು. ಅವರು ರಜಾದಾಗ ಅದಾರ್ರಿ."

"ಅವರ ಮ್ಯಾಲೆ?"

"ಜಿಲ್ಲಾ ಅಧಿಕಾರಿ. ಬೆಳಗಾವ್ಯಾಗ ಇರತಾರ."

"ಭಾಳ ದೂರ ಆತಲ್ಲಪಾ," ಎಂದಳು. "ನನ್ನಂವ ಇಲ್ಲೇ ಅದಾನ." ಹಗ್ಗ ಬಿಡದೆ ಗದ್ದದಿಂದ ಎದೆಯನ್ನು ತೋರಿಸಿದಳು. ಆಗ ನನಗೆ ಆಕೆ ಕೇಳಿದ್ದು ಏನೆಂದು ಹೊಳೆಯಿತು.

ನನ್ನ ಮುಖ ನೋಡಿ, "ನಿನಗ ಅಂಜಿಕಿ ಆಗೈತಿ" ಎಂದಳು.

"ಹೌದ್ರಿ." ನೌಕರಿಗೆ ಸೇರಿದ ಮೇಲೆ ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

"ನನಗೂ ಆಗಿತ್ತು. ಬಿದ್ದ ಕೂಡ್ಲೆ ಅವನ್ನ ಬೈದೆ, ಬಾಯಿಗೆ ಬಂದಂಗ. ಆಮ್ಯಾಲೆ ಬೇಡಿಕೊಂಡೆ. ಎತ್ತಿ ಒಯ್ಯಿ ಅಂದೆ, ಒಯ್ಲಿಲ್ಲ. ನೀರ ಕಡಿಮಿ ಮಾಡು ಅಂದೆ, ಮಾಡ್ಲಿಲ್ಲ. ಕಡೀಕೆ, ಹಂಗಾರ ನೀನರ ಇಲ್ಲೇ ಇರು ಅಂದೆ. ಅದಕ್ಕ ಒಲ್ಲೆ ಅನ್ಲಿಲ್ಲ. ಅವಾಗಿಂದ ಇಬ್ಬರೂ ಕುಂತೇವಿ."

ಅಷ್ಟರಲ್ಲಿ ಎದುರಿನ ಗೋಡೆಯ ಒಂದು ಪಾಲು ಕಳಚಿ ನೀರಿಗೆ ಬಿತ್ತು. ತೆರೆ ಎದ್ದು ನಮ್ಮ ತಲೆಯ ಮೇಲೆ ಹಾಯ್ದು ಹೋಯಿತು. ನಾನು ಕಣ್ಣು ಮುಚ್ಚಿ ಪೈಪನ್ನು ತಬ್ಬಿಕೊಂಡೆ. ಕಣ್ಣು ತೆರೆದಾಗ ನೀಲವ್ವನ ಒಂದು ಕೈ ನನ್ನ ಹೆಲ್ಮೆಟ್ಟಿನ ಮೇಲಿತ್ತು. ರಕ್ಷಿಸಲು ಇಳಿದವನನ್ನು ಆಕೆ ಹಾಗೆ ಹಿಡಿದುಕೊಂಡಿದ್ದಳು. ನನ್ನ ಮನೆಯಲ್ಲಿ ಆಗ ಹೆಂಡತಿ ಎಂಟು ತಿಂಗಳ ಗರ್ಭಿಣಿ. ನಾನು ಬದುಕಿಸು ಎಂದು ಕೇಳಲಿಲ್ಲ. ಕೇಳಬೇಕೆಂದು ಬಾಯಿ ತೆರೆದೆ, ಬಂದದ್ದು "ಇಲ್ಲೇ ಇರು" ಎಂಬ ಎರಡೇ ಮಾತು. ಅಂಜಿಕೆ ಹೋಗಲಿಲ್ಲ. ಆದರೆ ಆ ಅಂಜಿಕೆಯೊಳಗೆ ನಾನೊಬ್ಬನೇ ಇಲ್ಲ ಅನ್ನಿಸಿತು. ಇದಕ್ಕಿಂತ ಹೆಚ್ಚು ಹೇಳಿದರೆ ಸುಳ್ಳಾಗುತ್ತದೆ.

ನೀಲವ್ವನ ಹಗ್ಗ ಬಿಗಿಯಾಯಿತು. ಆಕೆ ನೀರಿನಿಂದ ಮೇಲೆದ್ದು, ನಿಧಾನವಾಗಿ ತಿರುಗುತ್ತಾ, ಕಲ್ಲಿಗೆ ಕಾಲು ಕೊಡುತ್ತಾ ಏರಿದಳು. ಆಮೇಲೆ ನನ್ನ ಹಗ್ಗ. ನಾನು ಅರ್ಧ ದಾರಿಯಲ್ಲಿ ತೂಗುತ್ತಿದ್ದಾಗ ಕೆಳಗೆ ಗರ್ಡರು ಊರಿದ್ದ ಕಡೆಯ ಗೋಡೆ ಕುಸಿದು ಗರ್ಡರ್ ಸಮೇತ ಹೋಯಿತು. ಅದನ್ನು ನಾನು ನೋಡಲಿಲ್ಲ, ಶಬ್ದ ಕೇಳಿದೆ. ಅಷ್ಟೇ ಸಾಕಾಯಿತು.

ಮೇಲೆ ಬಂದು ಕೆಸರಿನಲ್ಲಿ ಬಿದ್ದುಕೊಂಡು, ಸೀಟಿ ಇಲ್ಲದೆ ಹೇಗೆ ಎಳೆದಿರಿ ಎಂದು ಗುರುಸಿದ್ದಪ್ಪನವರನ್ನು ಕೇಳಿದೆ.

"ಸೀಟಿ ಕೇಳಲಿಲ್ಲ, ಅದಕ್ಕ ಎಳಸಿದೆ," ಎಂದರು. "ಆರಾಮ ಇದ್ದವರು ಸೀಟಿ ಊದತಾರ."

ತಿಂಗಳೊಪ್ಪತ್ತಿನಲ್ಲಿ ಸಮವಸ್ತ್ರದ ತಪಾಸಣೆ ಬಂತು. ಸೀಟಿ ಮತ್ತು ದಾರ ಇಲ್ಲದ್ದಕ್ಕೆ ಕಾರಣ ಕೇಳಿ ನನಗೆ ಒಂದು ನೋಟೀಸು ಕೊಟ್ಟರು. "ಸದರಿ ದಾರವನ್ನು ದೇವರಿಗೆ ಕಟ್ಟಲಾಗಿದೆ" ಎಂದು ನಾನು ಉತ್ತರ ಬರೆದೆ. ಗುರುಸಿದ್ದಪ್ಪನವರು ಓದಿ, ಆ ಸಾಲನ್ನು ಹೊಡೆದು, "ರಕ್ಷಣಾ ಕಾರ್ಯದಲ್ಲಿ ಬಳಸಲಾಗಿದೆ" ಎಂದು ತಿದ್ದಿದರು. ಎರಡೂ ನಿಜವಾದ್ದರಿಂದ ನಾನು ಸಹಿ ಮಾಡಿದೆ.

ಇಲ್ಲಿಗೇ ನಿಲ್ಲಿಸಿದರೆ ಓದುವವರಿಗೆ ಹಿತವಾಗುತ್ತದೆ. ಆದರೆ ಈ ನೌಕರಿಗೆ ಬರುವವರಿಗೆ ಇನ್ನೊಂದು ಬಾವಿಯನ್ನೂ ಹೇಳಬೇಕು.

ರಾಮದುರ್ಗದ ಕಡೆಯ ಒಂದು ಹಳ್ಳಿಯಲ್ಲಿ, ಮರುವರ್ಷವೇ, ಬಾವಿಯೊಳಗೆ ಇಳಿಸಿಟ್ಟಿದ್ದ ಡೀಸೆಲ್ ಎಂಜಿನ್ ನೋಡಲು ಇಳಿದ ಒಬ್ಬ ರೈತ ಹೊಗೆಗೆ ಸಿಕ್ಕಿ ಅಲ್ಲೇ ಕುಸಿದಿದ್ದ. ಹಾಡುಹಗಲು, ತಳದಲ್ಲಷ್ಟೇ ನೀರು, ಗಟ್ಟಿ ಗೋಡೆ. ನಮ್ಮ ಸೀಟಿ, ಹಗ್ಗ, ಗಂಟು ಎಲ್ಲ ಸರಿಯಾಗಿದ್ದವು. ನಾನು ಉಸಿರಾಟದ ಮುಖವಾಡ ಹಾಕಿಕೊಂಡು ಇಳಿದು ಆತನನ್ನು ಮೇಲೆ ತಂದೆ. ಜೀವ ನಾವು ಬರುವ ಮೊದಲೇ ಹೋಗಿತ್ತು. ಆತನ ಹೆಂಡತಿ ನನ್ನ ತೋಳು ಹಿಡಿದು, "ಉಸಿರ ಐತಿ ಹೌದಿಲ್ಲರಿ? ಐತಿ ಹೌದಿಲ್ಲ?" ಎಂದು ಕೇಳಿದಳು. ಮುಖವಾಡ ಇದ್ದದ್ದರಿಂದ ಉತ್ತರ ಕೊಡಬೇಕಾಗಿರಲಿಲ್ಲ. ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು ಅದನ್ನು ಹಾಕಿಕೊಂಡೇ ನಿಂತಿದ್ದೆ. ಅದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಗುರುಸಿದ್ದಪ್ಪನವರು ಹೆಲ್ಮೆಟ್ ತೆಗೆದಿಟ್ಟು ಸತ್ತವನ ತಂದೆಯ ಪಕ್ಕ ನೆಲದ ಮೇಲೆ ಕುಳಿತರು. ಪೊಲೀಸರು ಬಂದು ಪಂಚನಾಮೆ ಮುಗಿಸುವವರೆಗೆ, ಮಧ್ಯಾಹ್ನವೆಲ್ಲ, ಅಲ್ಲೇ ಕುಳಿತಿದ್ದರು. ನಮ್ಮ ಕೆಲಸ ಯಾವಾಗಲೋ ಮುಗಿದಿತ್ತು.

ಮರಳುವಾಗ ನನಗೆ ತಡೆಯಲಾಗಲಿಲ್ಲ. "ನೀಲವ್ವನ ಕೂಗು ಮುಟ್ಟಿತು, ಇವಂದು ಯಾಕ ಮುಟ್ಟಲಿಲ್ಲರಿ?"

"ನನಗ ಗೊತ್ತಿಲ್ಲಪಾ."

"ನೀವು ದಿನಾ ಕೈ ಮುಗಿತೀರಿ."

"ಹೌದು."

"ಮತ್ತ ಯಾಕ ಮುಗಿತೀರಿ?"

"ಉತ್ತರ ಸಿಗತೈತಿ ಅಂತ ಮುಗಿಯಾಂಗಿಲ್ಲ," ಎಂದರು. "ಒಬ್ಬನ ಹೋಗಾಕ ಅಂಜಿಕಿ ಬರತೈತಿ, ಅದಕ್ಕ ಮುಗಿತೇನಿ."

ಮರುದಿನ ಬೆಳಿಗ್ಗೆ ಕಿತ್ತೂರಿನ ಕಡೆ ಬಣವೆಗೆ ಬೆಂಕಿ ಬಿದ್ದ ಕರೆ ಬಂತು. ಗಾಡಿ ಠಾಣೆ ಬಿಡುವಾಗ ಅವರು ಎಂದಿನಂತೆ ಎದೆ ಮುಟ್ಟಿಕೊಂಡರು. ನಾನು ನೋಡುತ್ತಿದ್ದೆ. ಆವತ್ತು ಅವರ ಕೈ ಸ್ವಲ್ಪ ಹೆಚ್ಚು ಹೊತ್ತು ಅಲ್ಲೇ ಇತ್ತು.

ಅವರು ನಿವೃತ್ತರಾದರು. ಕೆಲವು ವರ್ಷಗಳ ಮೇಲೆ ಅವರ ಜಾಗಕ್ಕೆ ನಾನು ಬಂದೆ. ಸೆಣಬಿನ ಹಗ್ಗ ಹೋಗಿ ನೈಲಾನ್ ಬಂತು, ರಬ್ಬರ್ ಬೋಟು ಬಂತು. ನನ್ನ ನೌಕರಿಯ ಕೊನೆಕೊನೆಯಲ್ಲಿ ಮಲಪ್ರಭೆಗೆ ದೊಡ್ಡ ನೀರು ಬಂತು. ತೊರಗಲ್ಲಿನ ಕೆಳಗೆ ಹೊಳೆಯ ದಂಡೆಯ ಒಂದು ಮನೆಯ ಮಾಳಿಗೆಯ ಮೇಲೆ ಏಳು ಜನ ಸಿಕ್ಕಿಬಿದ್ದಿದ್ದರು. ಬೋಟಿನಲ್ಲಿ ನಾವು ಮೂವರು: ಹಿಂದೆ ಎಂಜಿನ್ ಹಿಡಿದ ಮಹಾದೇವ, ನಡುವೆ ಹಗ್ಗ ಹಿಡಿದ ದಾದಾಪೀರ, ಮುಂದೆ ನಾನು.

ನಡುಹೊಳೆಯಲ್ಲಿ ಕೊಚ್ಚಿಕೊಂಡು ಬಂದ ರವದಿ, ಅಂದರೆ ಕಬ್ಬಿನ ಒಣಗರಿ, ಎಂಜಿನ್ನಿನ ರೆಕ್ಕೆಗೆ ಸುತ್ತಿ ಎಂಜಿನ್ ನಿಂತಿತು. ಬೋಟು ಅಡ್ಡ ತಿರುಗಿ ಸೆಳವಿನ ಜೊತೆ ಹೊರಟಿತು. ಮುಂದೆ, ನೀರಿನ ಮೇಲೆ ಒಂದೇ ಮೊಳದ ಎತ್ತರದಲ್ಲಿ, ಕರೆಂಟಿನ ತಂತಿಗಳು ಕಾಣುತ್ತಿದ್ದವು. ಆ ಲೈನು ಬಂದ್ ಮಾಡಿದ್ದಾರೆ ಎಂದು ಹೇಳಿದ್ದರು. ಹೇಳಿದ್ದರು, ಅಷ್ಟೇ. ಮೊದಲ ದಿನದ ಅಂಜಿಕೆ ಇಡಿಯಾಗಿ ಮರಳಿ ಬಂತು. ಕೈ ಎದೆಯ ಮೇಲೆ ಹೋಯಿತು. ನಾನು ಲಿಂಗ ಕಟ್ಟಿಕೊಂಡವನಲ್ಲ, ಲೈಫ್ ಜಾಕೆಟ್ಟಿನ ಕೆಳಗೆ ಏನೂ ಸಿಗಲಿಲ್ಲ. "ಇಲ್ಲೇ ಇರು" ಎಂದೆ, ಗಟ್ಟಿಯಾಗಿಯೇ.

"ಎಲ್ಲಿ ಹೋಗ್ಲಿರಿ ಸರ್, ನಡುನೀರಾಗ?" ಎಂದ ದಾದಾಪೀರ.

ಅವನಿಗೆ ಹೇಳಿದ್ದಲ್ಲ ಎಂದು ವಿವರಿಸಲು ಸಮಯ ಇರಲಿಲ್ಲ. ಎಡಗಡೆ ನೀರಿನ ಮೇಲೆ ಒಂದು ಬೇವಿನ ಮರದ ತುದಿ ತೋರಿತು. ದಾದಾಪೀರ ಹಗ್ಗ ಎಸೆದ. ಮೊದಲ ಸಲ ತಪ್ಪಿತು, ಎರಡನೆಯ ಸಲ ಟೊಂಗೆಗೆ ಸಿಕ್ಕಿತು. ನಾನು ಬೋಟಿನ ಹಿಂದಕ್ಕೆ ಹೋಗಿ ಮಹಾದೇವನ ಕಾಲು ಹಿಡಿದೆ. ಅವನು ತಲೆಕೆಳಗಾಗಿ ಬಾಗಿ ಕುಡುಗೋಲಿನಿಂದ ರವದಿ ಕೊಯ್ದ. ಎಂಜಿನ್ ನಾಲ್ಕನೆಯ ಎಳೆತಕ್ಕೆ ಹತ್ತಿತು. ಅಲ್ಲಿಂದ ಮಾಳಿಗೆಗೆ ಐದು ನಿಮಿಷ.

ಮಾಳಿಗೆಯ ಮೇಲೆ ಮನೆಯ ಹಿರಿಯರು ನಮ್ಮ ಬೋಟನ್ನೂ ತಮ್ಮ ಮಂದಿಯನ್ನೂ ನೋಡಿ ಜಾಗದ ಅಂದಾಜು ಹಾಕುತ್ತಿದ್ದರು.

"ನೀವ ಎಷ್ಟ ಮಂದಿ ಬಂದೀರಿ?" ಎಂದು ಕೂಗಿ ಕೇಳಿದರು.

"ನಾಕ ಮಂದಿರಿ," ಎಂದೆ.

ದಾದಾಪೀರ ನನ್ನನ್ನು ನೋಡಿದ. ಮಹಾದೇವನನ್ನು ನೋಡಿದ. ಬೋಟಿನ ತಳವನ್ನೂ ಒಮ್ಮೆ ನೋಡಿದ. "ಮೂರ ಮಂದಿ ಅದೇವಲ್ರಿ ಸರ್?"

"ಲೆಕ್ಕ ತಪ್ಪಿತಪಾ," ಎಂದೆ.

ಎರಡು ಸುತ್ತಿನಲ್ಲಿ ಏಳೂ ಜನರನ್ನು ದಂಡೆಗೆ ತಂದೆವು. ಸಂಜೆ ಕುಳಿತು ವರದಿ ಬರೆದೆ. ಬೋಟಿನಲ್ಲಿದ್ದ ಸಿಬ್ಬಂದಿ: ಮೂವರು. ವರದಿಯಲ್ಲಿ ಪ್ರತಿಯೊಬ್ಬರ ಹೆಸರು, ಹುದ್ದೆ, ಬಿಲ್ಲೆ ಸಂಖ್ಯೆ ಬರೆಯಲೇಬೇಕು. ನಾಲ್ಕನೆಯವನ ಬಿಲ್ಲೆ ಸಂಖ್ಯೆ ನನಗೆ ಗೊತ್ತಿರಲಿಲ್ಲ.